ಏಕಾದಶಿಯ ತಟ್ಟೆಯಲ್ಲಿ ಗೆಣಸು

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಆಷಾಢ ಏಕಾದಶಿಯ ದಿನ ಅನ್ನ ಮಾಡುವುದಿಲ್ಲ. ಅತ್ತೆಯವರು ಕುಮಟೆಯಿಂದ ತಂದ ವ್ರತವೂ ಈ ಊರು ನಮಗೆ ಕಲಿಸಿದ ಸಬ್ಬಕ್ಕಿ ಖಿಚಡಿಯೂ ಮೂವತ್ತು ವರ್ಷಗಳಿಂದ ಜೊತೆಯಾಗಿಯೇ ನಡೆದುಬಂದಿವೆ. ನನಗೆ ಮಧುಮೇಹವಿದೆಯೆಂದು ತಿಳಿದ ಮೇಲೂ, ಅನ್ನ ಬಿಟ್ಟ ದಿನ ಸಕ್ಕರೆ ಏರಲಾರದು ಎಂದೇ ನಂಬಿದ್ದೆ. ಒಂದು ಏಕಾದಶಿಯಂದು ಖಿಚಡಿ ತಿಂದು ಎರಡು ಗಂಟೆಯ ನಂತರ ಬೆರಳು ಚುಚ್ಚಿ ನೋಡಿದಾಗ ಗ್ಲುಕೋಮೀಟರು 241 ತೋರಿಸಿತು. ಸಬ್ಬಕ್ಕಿಯೆಂದರೆ ಮರಗೆಣಸನ್ನು ಅರೆದು, ಸೋಸಿ, ತಳಕ್ಕಿಳಿದ ಹಿಟ್ಟಿನಿಂದ ಮಾಡಿದ ಕಾಳು. ಅದರಲ್ಲಿ ಪಿಷ್ಟವನ್ನು ಬಿಟ್ಟರೆ ನಾರಾಗಲಿ ಪ್ರೋಟೀನಾಗಲಿ ಹೆಸರಿಗಷ್ಟೇ ಇದೆ ಎಂಬುದನ್ನು ನಾನು ಆಮೇಲೆ ತಿಳಿದೆ.

ನನಗೆ ನಿಜವಾಗಿ ನೋವಾದದ್ದು ಇನ್ನೊಂದು ಕಾರಣಕ್ಕೆ. ರೋಗ ಪತ್ತೆಯಾದಾಗ ಒಂದು ಚಿಕಿತ್ಸಾಲಯದಲ್ಲಿ ಕೊಟ್ಟ ಅಚ್ಚಾದ ಹಾಳೆಯಲ್ಲಿ ಆಲೂಗಡ್ಡೆ, ಗೆಣಸು, ಬೀಟ್‌ರೂಟ್, ಕ್ಯಾರೆಟ್, ಬಾಳೆಹಣ್ಣು, ಮಾವು, ಚಿಕ್ಕು ಎಲ್ಲದರ ಮುಂದೆಯೂ ‘ಬೇಡ’ ಎಂದಿತ್ತು. ಸಬ್ಬಕ್ಕಿಯ ಹೆಸರಿರಲಿಲ್ಲ, ಬಿಸ್ಕತ್ತಿನ ಹೆಸರೂ ಇರಲಿಲ್ಲ. ಒಂದೂವರೆ ವರ್ಷ ಅದನ್ನು ಅಕ್ಷರಶಃ ಪಾಲಿಸಿ, ಹಣ್ಣು ತಿನ್ನುವ ಹೊತ್ತಿಗೆ ‘ಸಕ್ಕರೆ ಇಲ್ಲದ’ ಬಿಸ್ಕತ್ತು ತಿಂದೆ. ಮಲಬದ್ಧತೆ ಹೆಚ್ಚಿತು, ಸಕ್ಕರೆ ಇಳಿಯಲಿಲ್ಲ.

ಕ್ಯಾರೆಟ್ಟಿನ ಮೇಲಿನ ಆರೋಪಕ್ಕೆ ಒಂದು ಇತಿಹಾಸವಿದೆ. ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂದು ಅಳೆಯುವ ಗ್ಲೈಸಿಮಿಕ್ ಸೂಚ್ಯಂಕವನ್ನು 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಪ್ರಕಟಿಸಿದರು. ಆ ಮೊದಲ ಪಟ್ಟಿಯಲ್ಲಿ ಕ್ಯಾರೆಟ್ ಬಹಳ ಮೇಲಿತ್ತು. ನಂತರದ ಪರೀಕ್ಷೆಗಳಲ್ಲಿ ಅದರ ಸಂಖ್ಯೆ ಸುಮಾರು ಅರ್ಧಕ್ಕಿಳಿಯಿತು. ಅದಕ್ಕಿಂತ ಮುಖ್ಯವಾಗಿ, ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 50 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಸಿಗುವಷ್ಟು ಆಹಾರವನ್ನು ತಿನ್ನಿಸುತ್ತಾರೆ. ಅಷ್ಟು ಸಿಗಬೇಕಾದರೆ ಅರ್ಧ ಕಿಲೋಗೂ ಮೀರಿ ಕ್ಯಾರೆಟ್ ತಿನ್ನಬೇಕು. ಕೋಸಂಬರಿಗೆ ತುರಿಯುವ ಒಂದು ಕ್ಯಾರೆಟ್ಟಿಗೆ ಹೆದರಿ ನಾನು ಅಷ್ಟು ದಿನ ಅದನ್ನು ದೂರವಿಟ್ಟಿದ್ದೆ.

ಗಡ್ಡೆಗಳ ವಿಷಯ ಹಾಗಲ್ಲ, ಅಲ್ಲಿ ಪಿಷ್ಟ ನಿಜವಾಗಿಯೂ ಇದೆ. ಆದರೆ ನಮ್ಮ ತಪ್ಪು ಅವುಗಳನ್ನು ತಿನ್ನುವುದರಲ್ಲಿ ಇಲ್ಲ, ತರಕಾರಿಯೆಂದು ಎಣಿಸುವುದರಲ್ಲಿದೆ. ಚಪಾತಿಯ ಜೊತೆಗೆ ಆಲೂಗಡ್ಡೆ ಪಲ್ಯ, ಅದರ ಮೇಲೆ ಅನ್ನ ಮತ್ತು ಸುವರ್ಣಗಡ್ಡೆಯ ಹುಳಿ ಎಂದರೆ ಒಂದೇ ಊಟದಲ್ಲಿ ನಾಲ್ಕು ಬಗೆಯ ಪಿಷ್ಟ ಉಂಡಂತೆ. ಅಡುಗೆಮನೆಗೆ ಒಂದು ಸಣ್ಣ ತಕ್ಕಡಿ ತಂದು ತೂಗತೊಡಗಿದ ಮೇಲೆ ನನ್ನ ಲೆಕ್ಕ ಸರಿಯಾಯಿತು. 150 ಗ್ರಾಂ ಗೆಣಸಿನಲ್ಲಿ ಸುಮಾರು 30 ಗ್ರಾಂ ಶರ್ಕರಪಿಷ್ಟವಿದೆ, 100 ಗ್ರಾಂ ಬೆಂದ ಅನ್ನದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇದೆ. ಹಾಗಾಗಿ ಗೆಣಸು ಬಂದ ದಿನ ಅನ್ನ ತಟ್ಟೆಯಿಂದ ಏಳಬೇಕು. ಏಳಿಸಿದ್ದಕ್ಕೆ ಪ್ರತಿಯಾಗಿ ಬಿಳಿ ಅನ್ನದಲ್ಲಿ ಸಿಗದಷ್ಟು ನಾರು, ಪೊಟ್ಯಾಸಿಯಂ, ವಿಟಮಿನ್ ಸಿ ದೊರೆಯುತ್ತವೆ. ತಿರುಳು ಕಿತ್ತಳೆ ಬಣ್ಣದ್ದಾದರೆ ವಿಟಮಿನ್ ಎ ಆಗಬಲ್ಲ ಬೀಟಾ ಕ್ಯಾರೊಟೀನೂ ಸಾಕಷ್ಟಿರುತ್ತದೆ.

ಬೇಯಿಸುವ ಬಗೆಯೂ ಮುಖ್ಯ. ಕೆಂಡದಲ್ಲಿ ನಿಧಾನವಾಗಿ ಸುಟ್ಟ ಗೆಣಸು ಅಷ್ಟು ಸಿಹಿಯಾಗುವುದು, ಮೆಲ್ಲನೆ ಬಿಸಿಯೇರುವಾಗ ಗೆಣಸಿನಲ್ಲಿಯೇ ಇರುವ ಕಿಣ್ವವು ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುವುದರಿಂದ. ಸುಟ್ಟದ್ದಕ್ಕಿಂತ ನೀರಿನಲ್ಲಿ ಬೇಯಿಸಿದ್ದು ಸಕ್ಕರೆಯನ್ನು ಕಡಿಮೆ ಏರಿಸುತ್ತದೆ. ನಾನು ಸಿಪ್ಪೆ ತೆಗೆಯದೆ ತುಂಡು ಮಾಡಿ ಬೇಯಿಸಿ, ಆರಲು ಬಿಡುತ್ತೇನೆ. ತಣ್ಣಗಾದಾಗ ಪಿಷ್ಟದ ಒಂದು ಪಾಲು ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಆಲೂಗಡ್ಡೆಗೂ ಇದು ಸಲ್ಲುತ್ತದೆ.

ಮಾವಿನ ಕಾಲದಲ್ಲಿ ಆಪೂಸನ್ನು ಬಿಟ್ಟು ಈ ಊರಿನಲ್ಲಿ ಬದುಕುವುದು ಕಷ್ಟ, ಬಿಡಬೇಕಾದ ಅಗತ್ಯವೂ ನನಗೆ ಕಾಣುತ್ತಿಲ್ಲ. ತೂಗಿದಾಗ ಒಂದು ಹಣ್ಣು 240 ಗ್ರಾಂ ಇತ್ತು. ಸಿಪ್ಪೆ, ಗೊರಟು ಕಳೆದು 150 ಗ್ರಾಂ ತಿರುಳು ಉಳಿಯಿತು. ಅದರ ಅರ್ಧದಲ್ಲಿ ಶರ್ಕರಪಿಷ್ಟ 11 ಗ್ರಾಂ ಆಸುಪಾಸು. ಒಂದು ಚಪಾತಿ ಕಡಿಮೆ ಮಾಡಿ ಆ ಅರ್ಧ ಹಣ್ಣನ್ನು ಊಟದ ಕೊನೆಗೆ ಹೋಳಾಗಿಯೇ ತಿನ್ನುತ್ತೇನೆ. ಸೀಕರಣೆಯಾದರೆ ಎರಡು ಹಣ್ಣು ಬಟ್ಟಲಿನಲ್ಲಿ ಕರಗಿಹೋದದ್ದೇ ತಿಳಿಯುವುದಿಲ್ಲ, ಪೂರಿ ಬೇರೆ ಸೇರುತ್ತದೆ.

ಮೂತ್ರಪಿಂಡದ ತೊಂದರೆಯಿದ್ದು ಪೊಟ್ಯಾಸಿಯಂ ಮಿತಿ ಇರುವವರು ಗಡ್ಡೆ, ಹಣ್ಣುಗಳ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ, ಚಪಾತಿಯನ್ನು ದಿಢೀರನೆ ಕಡಿಮೆ ಮಾಡಿದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ಅನ್ನು ಬಹುಕಾಲ ನುಂಗುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗುವುದುಂಟು. ಹಣ್ಣು ತರಕಾರಿಗಳಿಂದ ಆ ಕೊರತೆ ತುಂಬದ ಕಾರಣ ನನ್ನಂಥ ಸಸ್ಯಾಹಾರಿಗಳು ಅದನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಈ ವರ್ಷದ ಏಕಾದಶಿಯ ಹಿಂದಿನ ರಾತ್ರಿ ಅತ್ತೆಯವರು, “ಸಬ್ಬಕ್ಕಿ ನೆನೆಹಾಕಲಿಲ್ಲವೇನೇ?” ಎಂದು ಕೇಳಿದರು. ಅವರಿಗೆ ಬೇಕಾದಷ್ಟನ್ನು ನೆನೆಹಾಕಿದೆ. ಮರುದಿನ ನನ್ನ ತಟ್ಟೆಯಲ್ಲಿ ಮೊದಲು ಸೌತೆಕಾಯಿಯ ಮೊಸರುಬಜ್ಜಿ, ಒಂದು ಹಿಡಿ ಹುರಿದ ಶೇಂಗಾ, ಆಮೇಲೆ 150 ಗ್ರಾಂ ಗೆಣಸು, ಕೊನೆಗೆ ಅತ್ತೆಯವರ ಪಾತ್ರೆಯಿಂದ ಎರಡು ಚಮಚ ಖಿಚಡಿ. ಎರಡು ಗಂಟೆಯ ನಂತರ ಗ್ಲುಕೋಮೀಟರಿನಲ್ಲಿ 156 ಇತ್ತು.