ಮೀಡಿಯೇಷನ್‌ಗೆ ಒಪ್ಪಿದರೆ ನಮ್ಮ ಕೇಸು ವೀಕ್ ಆಗುತ್ತಾ?

ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲಿ ಮಾಡುವ ನನ್ನನ್ನು ಜನ ಅತಿ ಹೆಚ್ಚು ಕೇಳುವುದು ಇದನ್ನೇ. "ಮೇಡಂ, ಜಡ್ಜ್ ಮೀಡಿಯೇಷನ್‌ಗೆ ಹಾಕಿದ್ದಾರೆ. ನಾವು ಹೂಂ ಅಂದ್ರೆ ಕೇಸು ವೀಕ್ ಆಗಲ್ವಾ?" ಗಂಡನ ಕಡೆಯವರೂ ಕೇಳುತ್ತಾರೆ, ಹೆಂಡತಿಯ ಕಡೆಯವರೂ ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು: "ಅಲ್ಲಿ ಹೋದ್ರೆ ಮತ್ತೆ ಒಟ್ಟಿಗೆ ಬಾಳಿ ಅಂತ ಬಲವಂತ ಮಾಡ್ತಾರಂತೆ, ಹೌದಾ?" ಫೋನಿನಲ್ಲಿ, ಕೋರ್ಟಿನ ಕಾರಿಡಾರಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಇದಕ್ಕೆ ಉತ್ತರ ಹೇಳಿದ್ದೇನೆ. ಅಲ್ಲೆಲ್ಲ ಪೂರ್ತಿ ಹೇಳಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕೇಸು ವೀಕ್ ಆಗುವುದಿಲ್ಲ. ಮೀಡಿಯೇಷನ್ ಅಂದರೆ ಮಧ್ಯಸ್ಥಿಕೆ: ತೀರ್ಪು ಕೊಡದ ಮೂರನೆಯವರೊಬ್ಬರು ಇಬ್ಬರನ್ನೂ ಕೂರಿಸಿ ರಾಜಿಗೆ ಮಾತಾಡಿಸುವುದು. ಮಧ್ಯಸ್ಥಿಕೆಯ ಕೋಣೆಯಲ್ಲಿ ಆಡಿದ ಮಾತು ಕೋರ್ಟಿಗೆ ಹೋಗುವಂತಿಲ್ಲ. ಮಾತುಕತೆ ಮುರಿದುಬಿದ್ದರೆ ಮಧ್ಯಸ್ಥರು ನ್ಯಾಯಾಧೀಶರಿಗೆ ಬರೆಯಬೇಕಾದದ್ದು ರಾಜಿ ಆಗಲಿಲ್ಲ ಅಂತ, ಅಷ್ಟೇ. ಯಾರು ಎಷ್ಟು ಕೇಳಿದರು, ಯಾರು ಎಷ್ಟು ಕೊಡುತ್ತೇನೆ ಅಂದರು, ಯಾರು ಸಿಟ್ಟಿನಿಂದ ಎದ್ದು ಹೋದರು, ಇದ್ಯಾವುದೂ ಆ ವರದಿಯಲ್ಲಿ ಇರಬಾರದು. 2010ರಲ್ಲಿ ಮೋತಿರಾಮ್ ವಿರುದ್ಧ ಅಶೋಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. 2023ರ ಮಧ್ಯಸ್ಥಿಕೆ ಕಾಯ್ದೆಯೂ ಗೋಪ್ಯತೆಯ ಬಗ್ಗೆ ಕಟ್ಟುನಿಟ್ಟಾಗಿದೆ. "ಐದು ಲಕ್ಷಕ್ಕೆ ಒಪ್ಕೋತೀನಿ ಅಂತ ಅಲ್ಲಿ ಅಂದುಬಿಟ್ಟೆ, ನಾಳೆ ಪಾಟೀಸವಾಲಿನಲ್ಲಿ ಅದನ್ನೇ ಹಿಡ್ಕೊಂಡ್ರೆ?" ಅನ್ನುವ ಭಯ ಬೇಡ. ರಾಜಿ ಆಗದಿದ್ದರೆ ನಿಮ್ಮ ಕೇಸು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದೆ ಹೋಗುತ್ತದೆ.

ಮೀಡಿಯೇಷನ್‌ಗೆ ಕಳಿಸಿದರು ಅಂದರೆ ನಿಮ್ಮ ಕೇಸಿನಲ್ಲಿ ಹುರುಳಿಲ್ಲ ಅಂತ ಜಡ್ಜ್‌ಗೆ ಅನಿಸಿದೆ ಅಂತಲೂ ಅಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಮೊದಲು ರಾಜಿಗೆ ಪ್ರಯತ್ನಿಸುವುದು ಆ ಕೋರ್ಟಿನ ಕರ್ತವ್ಯ. ಗಂಡ ಹೆಂಡಿರ ವ್ಯಾಜ್ಯಗಳಲ್ಲಿ ಮಧ್ಯಸ್ಥಿಕೆಯ ಮೂಲಕ ರಾಜಿಗೆ ಎಲ್ಲ ಪ್ರಯತ್ನವನ್ನೂ ಮಾಡಿ ಎಂದು 2013ರ ಕೆ. ಶ್ರೀನಿವಾಸ ರಾವ್ ವಿರುದ್ಧ ಡಿ.ಎ. ದೀಪಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿತು. ಹಾಗಾಗಿ ಬಲವಾದ ಕೇಸೂ ಅಲ್ಲಿಗೆ ಹೋಗುತ್ತದೆ.

ಬೆಂಗಳೂರಿನವರಿಗೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಗೊತ್ತಿರುತ್ತದೆ. ಕೌಟುಂಬಿಕ ನ್ಯಾಯಾಲಯಗಳೂ ಅಲ್ಲೇ, 2007ರಲ್ಲಿ ಶುರುವಾದ ಮಧ್ಯಸ್ಥಿಕೆ ಕೇಂದ್ರವೂ ಅಲ್ಲೇ. ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಕೇಂದ್ರ ಇರುತ್ತದೆ. ಮಧ್ಯಸ್ಥರಲ್ಲಿ ಹೆಚ್ಚಿನವರು ತರಬೇತಿ ಪಡೆದ ಅನುಭವಿ ವಕೀಲರು. ಕೋರ್ಟೇ ಕಳಿಸಿದ ಕೇಸಿನಲ್ಲಿ ನೀವು ಅವರಿಗೆ ಫೀಸು ಕೊಡುವ ಹಾಗಿಲ್ಲ. ಮೊದಲು ಇಬ್ಬರನ್ನೂ ಎದುರು ಬದುರು ಕೂರಿಸಿ ಮಾತಾಡಿಸುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಕರೆಯುತ್ತಾರೆ. ನೀವು ಒಬ್ಬರೇ ಇದ್ದಾಗ ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಈ ಒಂಟಿ ಮಾತುಕತೆಯ ಮೇಲೆ ನನಗೆ ತುಂಬಾ ನಂಬಿಕೆ. ಅರ್ಜಿಯಲ್ಲಿ ಹತ್ತು ಪುಟ ಆರೋಪ ಇರುತ್ತದೆ. ನಿಜವಾದ ನೋವು ಆ ಹತ್ತು ಪುಟದಲ್ಲಿ ಎಲ್ಲೂ ಇರುವುದಿಲ್ಲ. ಬೀಗರ ಮುಂದೆ ಅಪ್ಪನಿಗೆ ಆದ ಅವಮಾನ, ಹೆರಿಗೆಯ ಹೊತ್ತಿನಲ್ಲಿ ಯಾರೂ ನೋಡಲು ಬರಲಿಲ್ಲ ಅನ್ನುವ ಸಂಕಟ, ಇಂಥವು ಆ ಕೋಣೆಯಲ್ಲಿ ಹೊರಗೆ ಬರುತ್ತವೆ. ಅದನ್ನು ಒಮ್ಮೆ ಯಾರಾದರೂ ಪೂರ್ತಿ ಕೇಳಿಸಿಕೊಂಡರೆ ದುಡ್ಡಿನ ಮಾತು ಸಲೀಸಾಗುತ್ತದೆ.

ಒಟ್ಟಿಗೆ ಬಾಳಿ ಅಂತ ಬಲವಂತ ಮಾಡುತ್ತಾರಾ? ಮಾಡುವಂತಿಲ್ಲ. ಸಾಧ್ಯವಾ ಅಂತ ಒಮ್ಮೆ ಕೇಳುತ್ತಾರೆ, ಕೇಳಬೇಕು ಕೂಡ. ಆದರೆ ಕೂಡಿ ಬಾಳುವುದೂ ರಾಜಿಯೇ, ಗೌರವದಿಂದ ಬೇರೆಯಾಗುವುದೂ ರಾಜಿಯೇ. ಯಾವುದು ಅಂತ ತೀರ್ಮಾನಿಸುವವರು ನೀವಿಬ್ಬರು.

ನಾನು ಮಧ್ಯಸ್ಥಿಕೆಯ ಪರವಾಗಿ ಇಷ್ಟು ಮಾತಾಡುವುದಕ್ಕೆ ಕಾರಣ ಬೇರೆ. ಅದು ಬೇಗ ಮುಗಿಯುತ್ತದೆ, ಖರ್ಚು ಕಡಿಮೆ ಅನ್ನುವುದು ನಿಜ. ಆದರೆ ಅದಕ್ಕಿಂತ ದೊಡ್ಡದು ಇದೆ. ಒಂದು ಸಂಸಾರ ಅಂದುಕೊಳ್ಳಿ. ಹಾಸನದ ಹುಡುಗಿ, ದಾವಣಗೆರೆಯ ಹುಡುಗ, ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ, ಆರು ವರ್ಷದ ಮಗಳು. ಜಗಳವಾಗಿ ಅವಳು ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಅವನು ಬೆಂಗಳೂರಿನಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದ. ಅವಳು ಹಾಸನದಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಒಂದು, ಜೀವನಾಂಶಕ್ಕೆ ಇನ್ನೊಂದು ಅರ್ಜಿ ಹಾಕಿದಳು. ಠಾಣೆಯಲ್ಲಿ 498ಎ, ಅಂದರೆ ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ದೂರು ಕೊಟ್ಟಳು, ಅದರಲ್ಲಿ ಅತ್ತೆ, ಮಾವ, ನಾದಿನಿಯ ಹೆಸರೂ ಸೇರಿತು. ಮಗಳು ನನಗೆ ಬೇಕು ಅಂತ ಅವನು ಮತ್ತೊಂದು ಅರ್ಜಿ ಹಾಕಿದ. ಬೆಂಗಳೂರಿನ ಕೇಸನ್ನು ಹಾಸನಕ್ಕೆ ವರ್ಗಾಯಿಸಿ ಅಂತ ಅವಳು ಹೈಕೋರ್ಟಿಗೆ ಹೋದಳು. ಒಂದು ಮನೆಯ ಜಗಳ ಆರು ಫೈಲಾಯಿತು. ನನ್ನ ಕೆಲಸದಲ್ಲಿ ಇದು ಅಪರೂಪದ ಕಥೆಯೇನಲ್ಲ.

ಈ ಆರರಲ್ಲಿ ಒಂದನ್ನು ಗೆದ್ದರೂ ಇನ್ನೈದು ಉಳಿಯುತ್ತವೆ. ಮ್ಯಾಜಿಸ್ಟ್ರೇಟರು ಜೀವನಾಂಶ ಕೊಡಿಸಬಲ್ಲರು, ವಿಚ್ಛೇದನ ಕೊಡಲಾರರು. ಹೈಕೋರ್ಟು ಕೇಸನ್ನು ಊರಿಂದ ಊರಿಗೆ ಕಳಿಸಬಲ್ಲದು, ಮಗಳ ಸ್ಕೂಲ್ ಫೀಸಿನ ಬಗ್ಗೆ ಆ ಅರ್ಜಿಯಲ್ಲಿ ಏನೂ ಹೇಳುವುದಿಲ್ಲ. ಪ್ರತಿ ಕೋರ್ಟೂ ತನ್ನ ಮುಂದಿರುವ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕು. ಅದು ಕೋರ್ಟಿನ ತಪ್ಪಲ್ಲ, ಅದರ ಕೆಲಸವೇ ಹಾಗೆ. ಆರನ್ನೂ ಒಂದೇ ಮೇಜಿನ ಮೇಲೆ ಇಟ್ಟು ಒಟ್ಟಿಗೆ ಬಿಡಿಸಲು ಆಗುವುದು ಮಧ್ಯಸ್ಥಿಕೆಯಲ್ಲಿ.

ಮಕ್ಕಳ ವಿಷಯಕ್ಕೆ ಬಂದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕೋರ್ಟಿನ ಆದೇಶದಲ್ಲಿ "ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ತಂದೆ ಮಗುವನ್ನು ಭೇಟಿ ಮಾಡಬಹುದು" ಅಂತ ಇರುತ್ತದೆ. ಆ ಶನಿವಾರ ಮಗುವಿಗೆ ಜ್ವರ ಬಂದರೆ? ದಸರಾ ರಜೆ ಯಾರ ಮನೆಯಲ್ಲಿ? ಹಾಸನದಿಂದ ಕರೆದುಕೊಂಡು ಬರುವುದು ಯಾರು, ವಾಪಸ್ ಬಿಡುವುದು ಯಾರು? ಸ್ಕೂಲ್ ಡೇಗೆ ಇಬ್ಬರೂ ಬರಬಹುದಾ? ದಾವಣಗೆರೆಯ ಅಜ್ಜಿ ದಿನಾ ರಾತ್ರಿ ವಿಡಿಯೊ ಕಾಲ್ ಮಾಡಬಹುದಾ? ಪಾಸ್‌ಪೋರ್ಟಿಗೆ ಸಹಿ ಯಾರು ಹಾಕುತ್ತಾರೆ? ಭರತನಾಟ್ಯದ ಕ್ಲಾಸು ಶನಿವಾರವೇ ಇದ್ದರೆ? ನ್ಯಾಯಾಧೀಶರಿಗೆ ಆ ಮಗುವಿನ ದಿನಚರಿ ಗೊತ್ತಿಲ್ಲ. ಅಪ್ಪ ಅಮ್ಮನಿಗೆ ಗೊತ್ತಿದೆ. ನಾಲ್ಕು ಸಿಟ್ಟಿಂಗ್‌ನಲ್ಲಿ ಕೂತು ಇದನ್ನೆಲ್ಲ ಬರೆದುಕೊಂಡ ಅಪ್ಪ ಅಮ್ಮ ಆಮೇಲೆ ಸಣ್ಣಪುಟ್ಟ ವಿಷಯಕ್ಕೆ ಕೋರ್ಟಿಗೆ ಬರುವುದು ಕಡಿಮೆ. ಆದೇಶ ಅವರ ಮೇಲೆ ಬಿದ್ದದ್ದಲ್ಲ, ಅವರೇ ಬರೆದದ್ದು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. "ಮೀಡಿಯೇಷನ್ ಅಂದ್ರೆ ಊರಿನ ಪಂಚಾಯ್ತಿ ತರಹ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. ಪಂಚಾಯ್ತಿಯಲ್ಲಿ ಹಿರಿಯರು ತೀರ್ಮಾನ ಹೇಳುತ್ತಾರೆ, ನೀವು ತಲೆ ಬಾಗಬೇಕು. ಎಷ್ಟೋ ಸಲ ಆ ತೀರ್ಮಾನ "ಹೆಣ್ಣುಮಗಳು ಸ್ವಲ್ಪ ಹೊಂದ್ಕೊಂಡು ಹೋಗ್ಲಿ" ಅಂತಲೇ ಇರುತ್ತದೆ. ಮಧ್ಯಸ್ಥರಿಗೆ ತೀರ್ಮಾನ ಹೇಳುವ ಅಧಿಕಾರವೇ ಇಲ್ಲ. ಇನ್ನೊಂದು ದೊಡ್ಡ ವ್ಯತ್ಯಾಸವೂ ಇದೆ. ಊರ ಹಿರಿಯರ ಮುಂದೆ ಬಾಂಡ್ ಪೇಪರಿನ ಮೇಲೆ ಸಹಿ ಹಾಕಿ "ನಮಗೆ ಡೈವೋರ್ಸ್ ಆಯ್ತು" ಅಂದುಕೊಂಡವರು ಈಗಲೂ ನನ್ನ ಹತ್ತಿರ ಬರುತ್ತಾರೆ. ಕೆಲವರು ಮರುಮದುವೆಯನ್ನೂ ಆಗಿರುತ್ತಾರೆ. ಹಿಂದೂ ವಿವಾಹ ಕಾಯ್ದೆಯಡಿ, ಸಮುದಾಯದಲ್ಲಿ ಹಿಂದಿನಿಂದ ಬಂದ ವಿಚ್ಛೇದನದ ಪದ್ಧತಿ ಇದೆ ಅಂತ ಸಾಬೀತು ಮಾಡಿದರೆ ಹೊರತು, ಆ ಕಾಗದಕ್ಕೆ ಬೆಲೆ ಇಲ್ಲ. ವಿಚ್ಛೇದನ ಕೊಡುವುದು ಕೋರ್ಟೇ. ಮಧ್ಯಸ್ಥಿಕೆಯಲ್ಲಿ ಆದ ಒಪ್ಪಂದ ಕೋರ್ಟಿಗೆ ವಾಪಸ್ ಹೋಗಿ, ನ್ಯಾಯಾಧೀಶರು ಇಬ್ಬರನ್ನೂ ಕೇಳಿ ದಾಖಲಿಸಿಕೊಂಡು ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಮಾಡುತ್ತಾರೆ. ಒಪ್ಪಿಗೆಯ ಮೇಲೆ ಕೌಟುಂಬಿಕ ನ್ಯಾಯಾಲಯ ಕೊಟ್ಟ ಡಿಕ್ರಿಗೆ ಮೇಲ್ಮನವಿಯೂ ಇಲ್ಲ. ಅಲ್ಲಿಗೆ ಅದು ಮುಗಿದಂತೆ.

ಹಾಗಂತ ಎಲ್ಲರಿಗೂ ನಾನು ಇದನ್ನೇ ಹೇಳುವುದಿಲ್ಲ. ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿದ್ದರೆ, ಅವನ ದನಿ ಕೇಳಿದರೆ ಅವಳ ಕೈ ನಡುಗುತ್ತಿದ್ದರೆ, ಮೊದಲ ಕೆಲಸ ಮಾತುಕತೆ ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾ ಆದೇಶ, ಮನೆಯಲ್ಲಿ ಇರುವ ಹಕ್ಕಿನ ಆದೇಶ ಮೊದಲು ತೆಗೆದುಕೊಳ್ಳಿ. ತುರ್ತಾಗಿದ್ದರೆ ಇನ್ನೊಬ್ಬರು ಬರುವ ಮೊದಲೇ ಮಧ್ಯಂತರ ಆದೇಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಹೆದರಿಕೊಂಡು ಕೂತವರು ಹಾಕುವ ಸಹಿಗೆ ಒಪ್ಪಿಗೆ ಅನ್ನಲು ನಾನು ಸಿದ್ಧಳಿಲ್ಲ. ಅಂಥ ಕೇಸಿನಲ್ಲಿ ಮಧ್ಯಸ್ಥರ ಹತ್ತಿರ ನೇರವಾಗಿ ಹೇಳಿ: ಇಬ್ಬರನ್ನೂ ಒಟ್ಟಿಗೆ ಕೂರಿಸಬೇಡಿ, ಅಥವಾ ಈ ಕೇಸನ್ನು ವಾಪಸ್ ಕಳಿಸಿ. ಹಾಗೆ ಕೇಳುವ ಹಕ್ಕು ನಿಮಗಿದೆ. ಮೀಡಿಯೇಷನ್ ನಡೆಯುತ್ತಿದೆ ಅನ್ನುವ ಕಾರಣಕ್ಕೆ ಮಧ್ಯಂತರ ಜೀವನಾಂಶ ಕೇಳುವುದನ್ನೂ ಬಿಡಬೇಡಿ. ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡು ಸುಮ್ನೆ ಕಾಲ ತಳ್ಳುವವರೂ ಇದ್ದಾರೆ. ಇನ್ನೊಂದು ಕಡೆಯವರು ಬರೀ ಅದಕ್ಕೇ ಬರುತ್ತಿದ್ದಾರೆ ಅಂತ ಗೊತ್ತಾದ ದಿನವೇ ಎದ್ದುಬಿಡಿ.

ಆಸ್ತಿ, ಸಂಬಳ ಮುಚ್ಚಿಟ್ಟವರ ಜೊತೆಗಿನ ಮಾತುಕತೆಯೂ ನ್ಯಾಯವಾಗಿ ನಡೆಯುವುದಿಲ್ಲ. ಇದಕ್ಕೆ ಒಳ್ಳೆಯ ಉಪಾಯ ಇದೆ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಸಲ್ಲಿಸಬೇಕು ಅಂದಿದೆ. ಅದರ ನಮೂನೆಯನ್ನೂ ಕೊಟ್ಟಿದೆ. ಆ ಪ್ರಮಾಣಪತ್ರ ಕೈಗೆ ಬಂದ ಮೇಲೆ ಮೊತ್ತದ ಮಾತಿಗೆ ಕೂರಿ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ಸಾಲದ ಕಾಗದ, ಮಕ್ಕಳ ಫೀಸಿನ ರಸೀದಿ, ಮದುವೆಯಲ್ಲಿ ಹಾಕಿದ ಒಡವೆಯ ಬಿಲ್ಲು ಅಥವಾ ಫೋಟೊ, ಇಷ್ಟನ್ನು ನೀವೂ ತೆಗೆದುಕೊಂಡು ಹೋಗಿ.

ಒಪ್ಪಂದ ಆಗಿಯೂ ಕೈಕೊಡುವುದು ಬರವಣಿಗೆಯಲ್ಲಿ. "ಗಂಡ ಆದಷ್ಟು ಬೇಗ ಹಣ ಕೊಡತಕ್ಕದ್ದು" ಅಂತ ಬರೆದರೆ ಅದು ಬರೆಯದಿದ್ದ ಹಾಗೆಯೇ. ಎಷ್ಟು, ಯಾವ ತಾರೀಕು, ಡಿ.ಡಿ.ಯೋ ಆನ್‌ಲೈನೋ, ತಪ್ಪಿದರೆ ಏನು, ಎಲ್ಲ ಬರೆಸಿ. ಒಡವೆಯನ್ನು ತೂಕ ಹಾಕಿ ಪಟ್ಟಿ ಮಾಡಿಸಿ. ಬಾಕಿ ಇರುವ ಪ್ರತಿ ಕೇಸಿನ ನಂಬರ್ ಬರೆದು, ಅದನ್ನು ಯಾರು, ಯಾವಾಗ ಹಿಂತೆಗೆದುಕೊಳ್ಳುತ್ತಾರೆ ಅಂತ ಹೇಳಿ. ಅದರಲ್ಲೂ 498ಎ ವಿಷಯ ಹುಷಾರು. 2024ರ ಜುಲೈ 1ರಿಂದ ಈಚಿನ ಘಟನೆಗಳಿಗೆ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್‌ನಲ್ಲಿದೆ. ನಮ್ಮಲ್ಲಿ ಅದನ್ನು ಠಾಣೆಯಲ್ಲೋ ಮ್ಯಾಜಿಸ್ಟ್ರೇಟರ ಮುಂದೆಯೋ ಸುಮ್ಮನೆ ರಾಜಿ ಮಾಡಿಕೊಂಡು ಮುಗಿಸಲು ಬರುವುದಿಲ್ಲ. ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ರಾಜಿಯಾದಾಗ ಹಾಗೆ ರದ್ದು ಮಾಡಬಹುದು ಅಂತ 2003ರ ಬಿ.ಎಸ್. ಜೋಶಿ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಹಣವನ್ನು ಕಂತು ಮಾಡುವುದು ರೂಢಿ. ಒಂದು ಪಾಲು ಒಪ್ಪಂದದ ದಿನ, ಒಂದು ಪಾಲು ವಿಚ್ಛೇದನದ ಡಿಕ್ರಿಯ ದಿನ, ಕೊನೆಯ ಪಾಲು ಹೈಕೋರ್ಟಿನಲ್ಲಿ ಕೇಸು ರದ್ದಾಗುವ ದಿನ. ಇಬ್ಬರಿಗೂ ಇದರಿಂದ ಧೈರ್ಯ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಆರು ತಿಂಗಳು ಕಾಯಬೇಕು ಅನ್ನುವ ನಿಯಮದ ಬಗ್ಗೆಯೂ ಕೇಳುತ್ತಾರೆ. 2017ರ ಅಮರ್‌ದೀಪ್ ಸಿಂಗ್ ವಿರುದ್ಧ ಹರ್ವೀನ್ ಕೌರ್ ತೀರ್ಪಿನ ನಂತರ, ಒಂದೂವರೆ ವರ್ಷದಿಂದ ಬೇರೆ ಇದ್ದು, ಕೂಡಿಸುವ ಪ್ರಯತ್ನ ಫಲ ಕೊಡದೆ, ಜೀವನಾಂಶ ಮತ್ತು ಮಕ್ಕಳ ವಿಷಯ ಇತ್ಯರ್ಥ ಆಗಿದ್ದರೆ ಕೋರ್ಟು ಆ ಆರು ತಿಂಗಳನ್ನು ಮನ್ನಾ ಮಾಡಬಹುದು. ಒಂದು ಎಚ್ಚರ: ಡಿಕ್ರಿ ಆಗುವವರೆಗೂ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಅಂತ 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಷ್ಟರಲ್ಲಿ ಕೊಟ್ಟ ಹಣ, ಹಿಂತೆಗೆದುಕೊಂಡ ಕೇಸು ಆಗ ಏನಾಗುತ್ತದೆ ಅನ್ನುವುದನ್ನೂ ಒಪ್ಪಂದದಲ್ಲಿ ಬರೆಸಿಟ್ಟುಕೊಳ್ಳಿ. ಮಗುವಿನ ಜೀವನಾಂಶವನ್ನು ಮಾತ್ರ ಅಪ್ಪ ಅಮ್ಮ ತಾವೇ ಬಿಟ್ಟುಕೊಡಲು ಬರುವುದಿಲ್ಲ. ಅದು ಮಗುವಿನ ಹಕ್ಕು.

ಇನ್ನೂ ಕೇಸೇ ಹಾಕದವರಿಗೂ ದಾರಿ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಸಮಿತಿಯಲ್ಲಿ ಕೇಳಿ, ಕೇಸಿಗೆ ಮೊದಲೇ ಮಾತುಕತೆಗೆ ಕರೆಸುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೆ ಮಾಹಿತಿ ಕೊಡುತ್ತಾರೆ. ಮೊದಲ ಸಿಟ್ಟಿಂಗಿಗೆ ನಿಮ್ಮ ವಕೀಲರನ್ನು ಕರೆದುಕೊಂಡೇ ಹೋಗಿ. ಅರ್ಥವಾಗದ ಕಾಗದಕ್ಕೆ ಆ ದಿನವೇ ಸಹಿ ಹಾಕಬೇಡಿ, ಮನೆಗೆ ತಂದು ಓದಿ, ಇನ್ನೊಂದು ಡೇಟ್ ಕೇಳಿ. ಅಪ್ಪ, ಅಮ್ಮ, ಸೋದರಮಾವ ಹೊರಗೆ ಬೆಂಚಿನ ಮೇಲೆ ಕೂತಿರಲಿ. ಬೇಕಾದಾಗ ಮಧ್ಯಸ್ಥರೇ ಅವರನ್ನು ಒಳಗೆ ಕರೆಯುತ್ತಾರೆ.