ಕೊಡಗಿನಲ್ಲಿ ತಿಳಿ ಬಿಳಿ ವೈನ್ ಹುಡುಕಿ ಹೊರಡುವವರಿಗೆ

ಮಡಿಕೇರಿ ಪೇಟೆಯ ಮಸಾಲೆ ಅಂಗಡಿಗಳಲ್ಲಿ ಜೇನು, ಕಾಳುಮೆಣಸು, ಕಾಫಿಪುಡಿಗಳ ಪಕ್ಕದಲ್ಲೇ ‘ಹೋಮ್‌ಮೇಡ್ ವೈನ್’ ಎಂಬ ಚೀಟಿ ಅಂಟಿಸಿದ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಪ್ರವಾಸಿಗರು ಹೆಚ್ಚಾಗಿ ಕೊಳ್ಳುವುದು ಅವುಗಳಲ್ಲಿ ಗಾಢ ಬಣ್ಣದ, ಪಾನಕದಷ್ಟು ಸಿಹಿಯಾದವನ್ನು. ಆದರೆ ಕೊಡಗಿನ ಹಣ್ಣಿನ ನಿಜವಾದ ಪರಿಮಳ ಇರುವುದು ಬಿಳಿ ವೈನಿನಂತೆ ತಿಳಿಹಳದಿ ಬಣ್ಣದ, ಹುಳಿ ಮುಂದಾಗಿ ಸಿಹಿ ಹಿಂದೆ ಸರಿದ ಪ್ಯಾಷನ್ ಫ್ರೂಟ್ ವೈನಿನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ, ತಯಾರಾಗುವ ಮನೆಯಲ್ಲೇ ನೋಡುವುದು ಒಳ್ಳೆಯದು.

ಕೊಡಗಿಗೆ ರೈಲು ಇಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳ ಮೇಲೆ ಬಸ್ಸಿನಲ್ಲೋ ಕಾರಿನಲ್ಲೋ ಸುಮಾರು 120 ಕಿ.ಮೀ. ಸಾಗಿದರೆ ಮಡಿಕೇರಿ ಸಿಗುತ್ತದೆ. ನಾಗರಹೊಳೆ ಕಾಡಿನ ಮೂಲಕ ಕುಟ್ಟದ ಕಡೆಯಿಂದ ಬರುವ ಆಲೋಚನೆ ಇದ್ದರೆ, ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ಅವಕಾಶವಿಲ್ಲ ಎಂಬುದು ನೆನಪಿರಲಿ. ಹೋಮ್‌ಸ್ಟೇ ಕಾಯ್ದಿರಿಸುವಾಗಲೇ ಮನೆಯಲ್ಲಿ ವೈನ್ ಹಾಕುತ್ತಾರೆಯೇ, ಅಡುಗೆಮನೆಗೆ ಬಂದು ನೋಡಬಹುದೇ ಎಂದು ವಿಚಾರಿಸಿಕೊಳ್ಳಿ. ಹೆಚ್ಚಿನ ಮನೆಗಳಲ್ಲಿ ಸಂತೋಷದಿಂದಲೇ ತೋರಿಸುತ್ತಾರೆ.

ಹೋಗುವ ಕಾಲವನ್ನು ಆರಿಸುವಾಗ ವೈನಿನ ಸ್ವಭಾವವನ್ನೂ ಗಮನಿಸಬೇಕು. ಬಿಳಿ ವೈನಿನ ತಾಜಾತನ ಉಳಿಯುವುದು ತಂಪಿನಲ್ಲಿ. ನಂದಿ ಬೆಟ್ಟದ ಸುತ್ತಲಿನ ವೈನರಿಗಳಲ್ಲಿ ಬಿಳಿ ದ್ರಾಕ್ಷಿಯನ್ನು ಹಿಂಡಿ, ಸಿಪ್ಪೆಯನ್ನು ಕೂಡಲೇ ಬೇರ್ಪಡಿಸಿ, ರಸವನ್ನು ತಿಳಿಯಾಗಲು ಬಿಟ್ಟು, ಉಕ್ಕಿನ ತೊಟ್ಟಿಗಳಲ್ಲಿ ಸುಮಾರು 12ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಧಾನವಾಗಿ ಹುದುಗಿಸುತ್ತಾರೆ. ಬಿಸಿ ಹೆಚ್ಚಾದರೆ ಹುದುಗಿಸುವ ಸೂಕ್ಷ್ಮಜೀವಿಯಾದ ಯೀಸ್ಟ್ ಅವಸರದಲ್ಲಿ ಸಕ್ಕರೆಯನ್ನು ತಿಂದು ಮುಗಿಸುತ್ತದೆ, ಹಣ್ಣಿನ ಸುವಾಸನೆ ಅನಿಲದೊಂದಿಗೆ ಹಾರಿಹೋಗುತ್ತದೆ. ಮನೆಯಲ್ಲಿ ತಂಪು ಮಾಡುವ ಯಂತ್ರವಿರುವುದಿಲ್ಲ. ಆದರೆ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಮಡಿಕೇರಿಯ ತಾಪಮಾನ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಆ ಕೆಲಸವನ್ನು ಚಳಿಯೇ ಮಾಡಿಕೊಡುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಹೋಗಿ. ಮುಂಗಾರಿನಲ್ಲಿ ರಸ್ತೆಯೂ ಕಷ್ಟ, ಎಡೆಬಿಡದ ತೇವದಲ್ಲಿ ಭರಣಿಗಳಿಗೆ ಬೂಷ್ಟು ಹಿಡಿಯುವ ಭಯವೂ ಇದೆ. ಕೊಡಗಿನಲ್ಲಿ ವೈನ್ ದ್ರಾಕ್ಷಿಯ ತೋಟಗಳನ್ನು ಹುಡುಕಬೇಡಿ. ಇಷ್ಟೊಂದು ಮಳೆಯಲ್ಲಿ ಆ ಬಳ್ಳಿ ರೋಗಕ್ಕೆ ತುತ್ತಾಗುತ್ತದೆ. ಪ್ಯಾಷನ್ ಫ್ರೂಟ್ ಬಳ್ಳಿಗಾದರೋ ಈ ನೆಲ ಒಗ್ಗಿದೆ. ‘ಕಾವೇರಿ’ ಎಂಬ ಅದರ ಮಿಶ್ರತಳಿಯನ್ನು ಬೆಳೆಸಿ ಹೊರತಂದದ್ದು ಇಲ್ಲಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರವೇ.

ನಾವು ಉಳಿದುಕೊಂಡಿದ್ದ ಮನೆಯ ಅಕ್ಕ ಹಣ್ಣುಗಳನ್ನು ಅಡ್ಡಕ್ಕೆ ಕೊಯ್ದು, ಚಮಚದಿಂದ ತಿರುಳನ್ನು ಸ್ಟೀಲ್ ಪಾತ್ರೆಗೆ ತೆಗೆದು, ಅಂಗೈಯಿಂದ ಮೃದುವಾಗಿ ಕಿವುಚುತ್ತಿದ್ದರು. “ಮಿಕ್ಸಿಗೆ ಹಾಕ್ಬೇಡಿ, ಬೀಜ ಒಡೆದ್ರೆ ಕಹಿ ಬರ್ತದೆ” ಎಂದು ಎಚ್ಚರಿಸಿದರು. ರಸ ಬಹಳ ಹುಳಿಯಾದ್ದರಿಂದ ಕುದಿಸಿ ಆರಿಸಿದ ನೀರನ್ನೂ ಸಕ್ಕರೆಯನ್ನೂ ಬೆರೆಸಬೇಕಾಗುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದಾಗ ಶೇ. 1ರಷ್ಟು ಮದ್ಯಸಾರವಾಗುತ್ತದೆ, ಆ ಲೆಕ್ಕದಲ್ಲಿ ಶೇ. 12ರ ವೈನಿಗೆ ಲೀಟರಿಗೆ 200 ಗ್ರಾಂಗಿಂತ ಸ್ವಲ್ಪ ಹೆಚ್ಚು ಸಾಕು, ಅದಕ್ಕೂ ಮೀರಿ ಸುರಿದದ್ದು ಬರಿಯ ಸಿಹಿಯಾಗಿ ಉಳಿಯುವ ಸಾಧ್ಯತೆಯೇ ಹೆಚ್ಚು. ಯೀಸ್ಟ್ ಬಿದ್ದ ಮರುದಿನ ಕಪ್ಪು ಬೀಜಗಳೆಲ್ಲ ನೊರೆಯೊಂದಿಗೆ ಮೇಲೆದ್ದು ಭರಣಿಯ ಕುತ್ತಿಗೆಗೆ ಅಂಟಿಕೊಂಡಿದ್ದವು. ಮುಚ್ಚಳದಿಂದ ಹೊರಟ ತೆಳು ಕೊಳವೆಯ ತುದಿ ನೀರಿನ ಲೋಟದಲ್ಲಿ ಮುಳುಗಿತ್ತು. ಒಳಗಿನ ಅನಿಲ ಗುಳ್ಳೆಯಾಗಿ ಹೊರಬರುತ್ತದೆ, ಹೊರಗಿನ ಗಾಳಿ ಒಳಹೋಗುವುದಿಲ್ಲ. ಗಾಳಿ ತಗುಲಿದ ಬಿಳಿ ವೈನ್ ಕಂದುಬಣ್ಣಕ್ಕೆ ತಿರುಗಿ ಪರಿಮಳ ಕಳೆದುಕೊಳ್ಳುವುದರಿಂದ ಈ ಸಣ್ಣ ಏರ್ಪಾಡಿನ ಮೇಲೆ ಎಲ್ಲವೂ ನಿಂತಿದೆ. ಬರಿಯ ಬಟ್ಟೆ ಕಟ್ಟಿಡುವ ಮನೆಗಳೂ ಇವೆ. ಅಂಥಲ್ಲಿ ಸ್ವಲ್ಪ ರುಚಿ ನೋಡಿಯೇ ಮುಂದುವರಿಯಿರಿ. ಹುದುಗು ನಿಂತ ಮೇಲೆ ತಳದ ಗಸಿಯನ್ನು ಬಿಟ್ಟು ತಿಳಿಯನ್ನಷ್ಟೇ ಬೇರೆ ಪಾತ್ರೆಗೆ ಇಳಿಸುತ್ತಾರೆ.

ಸೊವಿನ್ಯೋನ್ ಬ್ಲಾಂಕ್ (Sauvignon Blanc) ಎಂಬ ದ್ರಾಕ್ಷಿಯ ಬಿಳಿ ವೈನ್ ಕುಡಿದವರು ಅದರಲ್ಲಿ ಪ್ಯಾಷನ್ ಫ್ರೂಟಿನ ವಾಸನೆ ಇದೆ ಎನ್ನುವುದುಂಟು. ಅದು ಕಲ್ಪನೆಯಲ್ಲ. ಆ ದ್ರಾಕ್ಷಿಯಲ್ಲಿ ಅಡಗಿರುವ ಕೆಲವು ಗಂಧಕಯುಕ್ತ ಸಂಯುಕ್ತಗಳನ್ನು ಹುದುಗುವಾಗ ಯೀಸ್ಟ್ ಬಿಡುಗಡೆ ಮಾಡುತ್ತದೆ, ಮತ್ತು ಅವೇ ಸಂಯುಕ್ತಗಳು ಪ್ಯಾಷನ್ ಫ್ರೂಟಿನಲ್ಲೂ ಇವೆ. ಈ ಪರಿಮಳವನ್ನು ಅದರ ಹಣ್ಣಿನಿಂದಲೇ ಸವಿಯುವುದಕ್ಕಾಗಿ ಕೊಡಗಿನವರೆಗೆ ಹೋಗುವುದು ಖಂಡಿತ ಸಾರ್ಥಕ.

ಕೊಳ್ಳುವಾಗ ಇನ್ನಷ್ಟು ಎಚ್ಚರ ಬೇಕು. ಪರವಾನಗಿ ಇಲ್ಲದೆ ಮದ್ಯ ತಯಾರಿಸಿ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಅಪರಾಧ. ಆದುದರಿಂದ ತಯಾರಕರ ಹೆಸರು, ಪರವಾನಗಿ, ಮದ್ಯಸಾರದ ಪ್ರಮಾಣ, ತಯಾರಿಕೆಯ ದಿನಾಂಕ ಇರುವ ಬಾಟಲಿಯನ್ನೇ ಕೊಳ್ಳಿ. ಮನೆಯವರು ಪ್ರೀತಿಯಿಂದ ಕೊಟ್ಟ ಒಂದು ಲೋಟವನ್ನು ಅಲ್ಲೇ ಸವಿದು ಬನ್ನಿ. ಬಾಟಲಿಯನ್ನು ಬೆಳಕಿಗೆ ಹಿಡಿದಾಗ ತಿಳಿಯಾಗಿ ಕಾಣಬೇಕು. ಗುಳ್ಳೆಗಳು ಏಳುತ್ತಿದ್ದರೆ ಒಳಗೆ ಹುದುಗು ಇನ್ನೂ ನಡೆದಿರಬಹುದು. ಅಂಥದ್ದನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿಟ್ಟರೆ ಒತ್ತಡ ಹೆಚ್ಚಿ ಬಾಟಲಿ ಒಡೆಯುವ ಅಪಾಯವಿದೆ. ಇಂಥ ವೈನ್ ವರ್ಷಗಟ್ಟಲೆ ಇಡುವುದಕ್ಕಲ್ಲ. ಊರಿಗೆ ಬಂದ ಮೇಲೆ ಫ್ರಿಜ್ಜಿನಲ್ಲಿಟ್ಟು, 8–10 ಡಿಗ್ರಿಯ ತಂಪಿನಲ್ಲಿ, ಹುರಿದ ಮೀನಿನ ಜೊತೆ ಬೇಗನೆ ಕುಡಿದು ಮುಗಿಸಿ. ಖಾರವಾದ ಪಂದಿಕರಿಯ ಎದುರು ಇದರ ಸೂಕ್ಷ್ಮ ಪರಿಮಳ ನಿಲ್ಲುವುದಿಲ್ಲ.