ಗುಂಪು ಸೈಕಲ್ ರೈಡ್‌ಗೆ ಹೊರಟಿದ್ದೀರಾ? ಮೊದಲು ನಿಧಾನಕ್ಕೆ ಓಡಿಸಲು ಕಲಿಯಿರಿ

ನಗರದ ರಸ್ತೆಗಳಲ್ಲಿ ನೂರಾರು ಸೈಕಲ್‌ಗಳ ಜೊತೆ ಹೋಗಿ ಬಂದೆ ಅಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಅಷ್ಟು ದೂರ ತುಳಿಯೋಕೆ ಆಗುತ್ತಾ? ದೂರದ ಚಿಂತೆ ಬಿಡಿ. ನಾನು ಹೋಗಿದ್ದ ಸಂಜೆಯ ರೈಡ್ ಸುಮಾರು 20 ಕಿಲೋಮೀಟರ್ ಇತ್ತು. ದಿನಾ ಸೈಕಲ್ ಮುಟ್ಟದವರೂ ಆರಾಮಾಗಿ ಮುಗಿಸಿದರು. ಕಾಲು ಸೋತಿತು ಅಂದವರು ಕಡಿಮೆ. ಭುಜ, ಮಣಿಕಟ್ಟು, ಕುತ್ತಿಗೆ ಹಿಡಿದುಕೊಂಡು ಕೂತವರೇ ಜಾಸ್ತಿ. ಇಂಥ ರೈಡ್‌ನಲ್ಲಿ ಕಷ್ಟ ಅಂತ ಇದ್ದರೆ ಅದು ನಿಧಾನಕ್ಕೆ ಹೋಗೋದು. ಹ್ಯಾಂಡಲ್ ಬಿಗಿಯಾಗಿ ಹಿಡಿದು, ಉಸಿರು ಬಿಗಿಹಿಡಿದು ಹೋದರೆ ಮೈ ನೋಯದೆ ಇರುತ್ತಾ?

ಸೈಕಲ್ ಬೀಳದೆ ಇರುವುದಕ್ಕೆ ಮುಖ್ಯ ಕಾರಣ, ನಮಗೇ ಗೊತ್ತಿಲ್ಲದೆ ನಾವು ಹ್ಯಾಂಡಲ್ಲನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಇರುವುದು. ಎಡಕ್ಕೆ ವಾಲಿದರೆ ಚಕ್ರ ಎಡಕ್ಕೆ ತಿರುಗಿ ಮತ್ತೆ ನಮ್ಮ ಭಾರದ ಕೆಳಗೆ ಬರುತ್ತದೆ. ವೇಗ ಇದ್ದಾಗ ಒಂದು ಚೂರು ತಿರುಗಿಸಿದರೆ ಸಾಕು. ನಡೆಯುವ ವೇಗಕ್ಕೆ, ಅಂದರೆ ಗಂಟೆಗೆ ಐದಾರು ಕಿಲೋಮೀಟರ್‌ಗೆ ಇಳಿದಾಗ ಜಾಸ್ತಿ ತಿರುಗಿಸಬೇಕಾಗುತ್ತದೆ. ಸೈಕಲ್ ಹಾವಿನ ಹಾಗೆ ಹರಿದಾಡಲು ಶುರು ಮಾಡುತ್ತದೆ. ಖಾಲಿ ರಸ್ತೆಯಲ್ಲಿ ಹೀಗಾದರೆ ಯಾರಿಗೂ ತೊಂದರೆ ಇಲ್ಲ. ಎರಡೂ ಕಡೆ ಒಂದೊಂದು ಅಡಿ ದೂರದಲ್ಲಿ ಬೇರೆಯವರ ಹ್ಯಾಂಡಲ್ ಇದ್ದಾಗ ಮಾತ್ರ ಬೆವರು ಇಳಿಯುತ್ತದೆ.

ಹಾಗಾಗಿ ಹೊರಡುವ ಮೊದಲಿನ ವಾರ ಉದ್ದ ಉದ್ದ ದೂರ ಓಡಿಸಿ ಸುಸ್ತಾಗಬೇಡಿ. ಒಂದು ಖಾಲಿ ಜಾಗ ಹುಡುಕಿ. ನೆಲದ ಮೇಲೆ ಗೆರೆ ಇದ್ದರೆ ಇನ್ನೂ ಒಳ್ಳೆಯದು. ಗೇರ್ ಹಗುರಕ್ಕೆ ಹಾಕಿ, ಹಿಂದಿನ ಬ್ರೇಕನ್ನು ಲಘುವಾಗಿ ಹಿಡಿದುಕೊಂಡೇ ಪೆಡಲ್ ತುಳಿಯುತ್ತಾ ಆ ಗೆರೆಯ ಮೇಲೆ ಹೋಗಿ. ಬ್ರೇಕ್ ಹಿಡಿದು ತುಳಿಯೋದಾ ಅಂತ ನಗಬೇಡಿ. ಹಿಂದಕ್ಕೆ ಎಳೆಯುವ ಬ್ರೇಕ್, ಮುಂದಕ್ಕೆ ತಳ್ಳುವ ಕಾಲು, ಎರಡೂ ಒಟ್ಟಿಗೆ ಇದ್ದಾಗ ವೇಗ ನಿಮ್ಮ ಹಿಡಿತಕ್ಕೆ ಬರುತ್ತದೆ, ಸೈಕಲ್ ಓಲಾಡುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಕಣ್ಣು ಚಕ್ರದ ಮೇಲೆ ಬೇಡ, ಹತ್ತು ಹದಿನೈದು ಅಡಿ ಮುಂದೆ ಇರಲಿ. ಇದು ಬಂದ ಮೇಲೆ ಒಂದು ಕೈ ಬಿಟ್ಟು ನೋಡಿ. ಆಮೇಲೆ ಭುಜದ ಮೇಲಿಂದ ಹಿಂದೆ ತಿರುಗಿ ನೋಡುವುದು. ತಲೆ ತಿರುಗಿದ ಕಡೆಗೇ ಸೈಕಲ್ಲೂ ಎಳೆಯುತ್ತದೆ. ಹಾಗೆ ಎಳೆಯದ ಹಾಗೆ ಮಾಡುವುದಕ್ಕೆ ಎರಡು ಮೂರು ಸಂಜೆ ಬೇಕಾಗಬಹುದು.

ಸೀಟು ಕೂಡ ಸ್ವಲ್ಪ ಇಳಿಸಿಕೊಳ್ಳಿ. ದೂರದ ಪ್ರಯಾಣಕ್ಕೆ ಎತ್ತರದ ಸೀಟು ಸರಿ. ಇಲ್ಲಿ ನಿಮಿಷಕ್ಕೊಮ್ಮೆ ಕಾಲು ಕೆಳಗಿಡಬೇಕು. ಕೂತಲ್ಲಿಂದಲೇ ಪಾದದ ಮುಂಭಾಗ ನೆಲಕ್ಕೆ ತಾಗಿದರೆ ಅರ್ಧ ಭಯ ಹೋಗುತ್ತದೆ.

ಗುಂಪು ರೈಡ್ ಅಂದರೆ ಎಲ್ಲವೂ ಒಂದೇ ಥರ ಅಲ್ಲ. ನ್ಯೂಯಾರ್ಕಿನ ಫೈವ್ ಬರೋ ಬೈಕ್ ಟೂರ್‌ನಂಥವು ಒಂದು ಬಗೆ. ಮೊದಲೇ ಹೆಸರು ಕೊಡಬೇಕು, 64 ಕಿಲೋಮೀಟರ್ ದಾರಿಯಲ್ಲಿ ಆ ಹೊತ್ತಿಗೆ ಕಾರು ಬಿಡುವುದಿಲ್ಲ, ಜನರನ್ನು ತಂಡ ತಂಡವಾಗಿ ಬಿಡುತ್ತಾರೆ. ಕೊಲಂಬಿಯಾದ ಬೊಗೊಟಾದಲ್ಲಿ 1974ರಲ್ಲಿ ಶುರುವಾದ ಸಿಕ್ಲೋವಿಯಾ ಇನ್ನೊಂದು ಬಗೆ. ಭಾನುವಾರ ಮತ್ತು ರಜಾದಿನಗಳಲ್ಲಿ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 100 ಕಿಲೋಮೀಟರ್‌ಗೂ ಹೆಚ್ಚು ರಸ್ತೆ ಸೈಕಲ್ಲಿನವರಿಗೆ, ನಡೆಯುವವರಿಗೆ ಬಿಟ್ಟುಕೊಡುತ್ತಾರೆ. ಎಲ್ಲಿ ಬೇಕಾದರೂ ಸೇರಿಕೊಳ್ಳಿ, ಎಲ್ಲಿ ಬೇಕಾದರೂ ಬಿಟ್ಟು ಹೋಗಿ. ಮೂರನೆಯದು ಕ್ರಿಟಿಕಲ್ ಮಾಸ್. 1992ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದಷ್ಟು ಜನ ಸೇರಿ ಶುರು ಮಾಡಿದ್ದು. ಆಮೇಲೆ ಬೇರೆ ಬೇರೆ ದೇಶಗಳಿಗೆ ಹಬ್ಬಿತು. ಸಾಮಾನ್ಯವಾಗಿ ತಿಂಗಳ ಕೊನೆಯ ಶುಕ್ರವಾರ ಸಂಜೆ ಸೇರುತ್ತಾರೆ. ಮುಂದಾಳು ಅಂತ ಯಾರೂ ಇಲ್ಲ, ಎಷ್ಟೋ ಸಲ ಮೊದಲೇ ಹಾಕಿದ ದಾರಿಯೂ ಇಲ್ಲ. ರಸ್ತೆಯಲ್ಲಿ ಕಾರು, ಬಸ್ಸು ಎಲ್ಲ ಓಡುತ್ತಲೇ ಇರುತ್ತವೆ.

ನನ್ನನ್ನು ಕೇಳಿದರೆ ಮೊದಲ ಸಲಕ್ಕೆ ಕಾರು ಬಿಡದ ರಸ್ತೆಯೇ ಒಳ್ಳೆಯದು. ಅದರಲ್ಲಿ ಪಳಗಿದ ಮೇಲೆ ಉಳಿದದ್ದು. ಮಜಾ ಜಾಸ್ತಿ ಇರುವುದು ಮೂರನೆಯದರಲ್ಲಿ ಅನ್ನುವುದೂ ನಿಜ, ಅದನ್ನು ಮುಚ್ಚಿಡುವುದಿಲ್ಲ. ನಾನು ಹೋಗಿದ್ದು ಎರಡರ ನಡುವಿನದು. ಗುಂಪನ್ನು ನೋಡಿಕೊಳ್ಳುವ ಮಾರ್ಷಲ್‌ಗಳಿದ್ದರು, ದಾರಿ ಗೊತ್ತಿತ್ತು, ಆದರೆ ಪಕ್ಕದ ಲೇನಿನಲ್ಲಿ ವಾಹನಗಳೂ ಇದ್ದವು.

ಸೈಕಲ್ ತಯಾರಿ ದೊಡ್ಡ ವಿಷಯ ಅಲ್ಲ. ಎರಡೂ ಬ್ರೇಕ್ ಹಿಡಿಯುತ್ತವಾ, ಚಕ್ರದ ನಟ್ ಅಥವಾ ಲಿವರ್ ಬಿಗಿ ಇದೆಯಾ, ಚೈನಿಗೆ ಎಣ್ಣೆ ಇದೆಯಾ, ಅಷ್ಟು ನೋಡಿ. ಟೈರಿಗೆ ಎಷ್ಟು ಗಾಳಿ ಅಂತ ಅದರ ಬದಿಯಲ್ಲೇ ಅಚ್ಚು ಹಾಕಿರುತ್ತಾರೆ. ಗರಿಷ್ಠಕ್ಕೆ ತುಂಬಿಸಬೇಡಿ, ನಗರದ ರಸ್ತೆಗೆ ಸ್ವಲ್ಪ ಕಡಿಮೆ ಇದ್ದರೆ ಮೈಗೆ ಸುಖ. ನಿಮಗೆ ಪಂಕ್ಚರ್ ಹಾಕೋಕೆ ಬರದಿದ್ದರೂ ನಿಮ್ಮ ಅಳತೆಯ ಒಂದು ಟ್ಯೂಬ್ ಇಟ್ಟುಕೊಳ್ಳಿ. ಅಷ್ಟು ಜನರಲ್ಲಿ ಟ್ಯೂಬ್ ಬದಲಿಸಲು ಬರುವವರು ಹತ್ತು ಜನ ಸಿಗುತ್ತಾರೆ, ನಿಮ್ಮ ಅಳತೆಯ ಟ್ಯೂಬ್ ಇರುವವರು ಒಬ್ಬರೂ ಸಿಗದಿರಬಹುದು. ವಾಲ್ವ್‌ನಲ್ಲೂ ಬೇರೆ ಬೇರೆ ಥರ ಇದೆ, ಮುಖ್ಯವಾಗಿ ಸಪೂರದ್ದು ಮತ್ತು ಕಾರಿನ ಟೈರಿಗೆ ಇರುವಂಥ ದಪ್ಪದ್ದು. ನಿಮ್ಮ ಪಂಪು ಯಾವುದಕ್ಕೆ ಕೂರುತ್ತೆ ಅಂತ ಮನೆಯಲ್ಲೇ ನೋಡಿಕೊಂಡು ಬನ್ನಿ.

ಲೈಟ್ ಬಗ್ಗೆ ಒಂದು ಮಾತು. ಹಿಂದಿನ ಕೆಂಪು ದೀಪ ಮಿಣುಕುವ ಬದಲು ಒಂದೇ ಸಮ ಉರಿಯಲಿ, ಸ್ವಲ್ಪ ಕೆಳಕ್ಕೆ ಬಾಗಿಸಿ. ಒಬ್ಬರೇ ಹೋಗುವಾಗ ಮಿಣುಕಲಿ, ಪರವಾಗಿಲ್ಲ. ಗುಂಪಿನಲ್ಲಿ ಮಾತ್ರ ನಿಮ್ಮ ಹಿಂದೆ ಇರುವವರು ಎರಡು ಗಂಟೆ ಅದನ್ನೇ ನೋಡುತ್ತಾ ಬರಬೇಕು. ನನ್ನ ಮುಂದೆ ಒಬ್ಬ ಪುಣ್ಯಾತ್ಮರ ದೀಪ ಸೀದಾ ಕಣ್ಣಿಗೇ ಹೊಡೆಯುತ್ತಿತ್ತು. ಕೊನೆಗೆ ನಾನೇ ಪಕ್ಕದ ಸಾಲಿಗೆ ಹೋದೆ.

ಹೊರಡುವ ಜಾಗಕ್ಕೆ ಅರ್ಧ ಗಂಟೆ ಮೊದಲೇ ಹೋಗಿ, ನೀರು ಶೌಚ ಮುಗಿಸಿಕೊಳ್ಳಿ. ಮಧ್ಯದಲ್ಲಿ ನಿಲ್ಲಿಸುತ್ತಾರೆ ಅಂತ ನಂಬಬೇಡಿ. ನಿಲ್ಲಿಸಿದರೂ ಅಷ್ಟೂ ಜನಕ್ಕೆ ಒಂದೇ ಬಾಗಿಲು. ಅಲ್ಲಿ ಸುಮ್ನೆ ನಿಂತು ಜನರನ್ನು ನೋಡಿ. ಯಾರು ಪದೇ ಪದೇ ಮುಂದಿನ ಚಕ್ರ ಎತ್ತುತ್ತಿದ್ದಾರೆ, ಯಾರು ಹ್ಯಾಂಡಲ್ಲಿಗೆ ದೊಡ್ಡ ಸ್ಪೀಕರ್ ಕಟ್ಟಿದ್ದಾರೆ, ಯಾರ ಕೈಯಲ್ಲಿ ಫೋನ್ ಇದೆ. ಇವರಿಂದ ದೂರ ಇರಿ. ಸ್ಪೀಕರ್ ಹತ್ತಿರ ಇದ್ದರೆ ಹಿಂದಿನವರು ಕೂಗಿದ್ದು ಕೇಳುವುದಿಲ್ಲ. ಇಯರ್‌ಫೋನ್ ಅಂತೂ ಬೇಡವೇ ಬೇಡ.

ಗುಂಪಿನಲ್ಲಿ ಎಲ್ಲಿ ಇರಬೇಕು? ಮುಂದಿನ ಮೂರನೇ ಒಂದು ಭಾಗದಲ್ಲಿ. ತೀರಾ ತುದಿಯಲ್ಲಿ ಅಲ್ಲ, ಅದರ ಸ್ವಲ್ಪ ಹಿಂದೆ. ಮುಂದಿನವರು ಗಂಟೆಗೆ 15 ಕಿಲೋಮೀಟರ್‌ನಲ್ಲಿ ಒಂದೇ ಸಮ ಹೋಗುತ್ತಿರುತ್ತಾರೆ. ಒಬ್ಬರು ಸ್ವಲ್ಪ ಬ್ರೇಕ್ ಹಿಡಿದರೆ ಅವರ ಹಿಂದಿನವರು ಅದಕ್ಕಿಂತ ಜಾಸ್ತಿ ಹಿಡಿಯುತ್ತಾರೆ, ಅವರ ಹಿಂದಿನವರು ಇನ್ನೂ ಜಾಸ್ತಿ. ಬಾಲದ ಹತ್ತಿರ ಬರುವಷ್ಟರಲ್ಲಿ ಜನ ಪೂರ್ತಿ ನಿಂತೇಬಿಟ್ಟಿರುತ್ತಾರೆ. ಮತ್ತೆ ಹೊರಟಾಗ ಅಂತರ ಮುಚ್ಚಲು ಜೋರಾಗಿ ತುಳಿಯಬೇಕು, ಮತ್ತೆ ನಿಲ್ಲಬೇಕು. ಅದೇ 20 ಕಿಲೋಮೀಟರ್ ಹಿಂದಿರುವವರಿಗೆ ಎರಡು ಪಟ್ಟು ಸುಸ್ತು. ಮುಂದಿನ ಭಾಗದಲ್ಲಿ ಶುರು ಮಾಡಿದರೆ ಇನ್ನೊಂದು ಲಾಭ ಇದೆ. ಏರು ಬಂದಾಗ ನಿಮ್ಮ ಪಾಡಿಗೆ ನಿಧಾನ ಮಾಡಿ. ನಾಲ್ಕು ಜನ ದಾಟಿಕೊಂಡು ಹೋಗಲಿ. ಏರು ಮುಗಿದಾಗಲೂ ಗುಂಪಿನೊಳಗೇ ಇರುತ್ತೀರಿ. ತೀರಾ ಹಿಂದೆ ಬಿದ್ದರೂ ಕೊನೆಯಲ್ಲಿ ಒಬ್ಬ ಮಾರ್ಷಲ್ ಬರುತ್ತಿರುತ್ತಾರೆ, ಸ್ವೀಪ್ ಅನ್ನುತ್ತಾರೆ. ಅಂಥವರು ಇದ್ದಾರಾ ಅಂತ ಹೊರಡುವಾಗಲೇ ಕೇಳಿಕೊಳ್ಳಿ.

ನಮ್ಮ ದಾರಿಯಲ್ಲಿ ಒಂದು ಫ್ಲೈಓವರ್ ಇತ್ತು. ಅದರ ಬುಡ ತಲುಪುತ್ತಿದ್ದ ಹಾಗೆ ಸುತ್ತಲೂ ಕಟಕಟ ಶಬ್ದ. ಏರು ಶುರುವಾದ ಮೇಲೆ ಎಲ್ಲರೂ ಒಟ್ಟಿಗೆ ಗೇರ್ ಬದಲಿಸುತ್ತಿದ್ದರು. ಪೆಡಲ್ ಮೇಲೆ ಪೂರ್ತಿ ಭಾರ ಹಾಕಿ ಗೇರ್ ಬದಲಿಸಿದರೆ ಚೈನ್ ಬೀಳುತ್ತದೆ. ಅಲ್ಲೇ ಮೂರ್ನಾಲ್ಕು ಜನರದ್ದು ಬಿತ್ತು. ಏರು ಕಾಣಿಸಿದ ಕೂಡಲೇ, ಕಾಲು ಹಗುರವಾಗಿ ತಿರುಗುತ್ತಿರುವಾಗಲೇ ಗೇರ್ ಇಳಿಸಿ. ಬಿದ್ದರೆ ಗಾಬರಿ ಬೇಡ. ಕೈ ಎತ್ತಿ, ಅಂಚಿಗೆ ಬನ್ನಿ, ಆಮೇಲೆ ಇಳಿಯಿರಿ. ಹಿಂದಿನ ಗೇರಿನ ಕೆಳಗೆ ಚೈನ್ ಹಾದುಹೋಗುವ ಪುಟ್ಟ ಚಕ್ರಗಳಿರುವ ಕೈಯನ್ನು ಮುಂದಕ್ಕೆ ತಳ್ಳಿದರೆ ಚೈನ್ ಸಡಿಲವಾಗುತ್ತದೆ. ಮುಂದಿನ ಹಲ್ಲುಚಕ್ರದ ಮೇಲ್ಭಾಗದ ನಾಲ್ಕೈದು ಹಲ್ಲಿಗೆ ಅದನ್ನು ಕೂರಿಸಿ, ಹಿಂದಿನ ಚಕ್ರ ಎತ್ತಿ ಪೆಡಲನ್ನು ಮುಂದಕ್ಕೆ ತಿರುಗಿಸಿ. ತಾನಾಗೇ ಕೂರುತ್ತದೆ. ಒಂದು ಹಳೇ ಬಟ್ಟೆ ಜೇಬಲ್ಲಿರಲಿ.

ಇಳಿಜಾರು ಮುಗಿದು ರಸ್ತೆ ಕಿರಿದಾದಲ್ಲಿ ನನ್ನ ಕಣ್ಣೆದುರೇ ಒಬ್ಬರು ಬಿದ್ದರು. ಅವರ ಮುಂದಿನ ಚಕ್ರ ಎದುರಿನವರ ಹಿಂದಿನ ಚಕ್ರದ ಪಕ್ಕಕ್ಕೆ ಒಂದು ಗೇಣಿನಷ್ಟು ನುಗ್ಗಿತ್ತು. ಎದುರಿನವರು ಮ್ಯಾನ್‌ಹೋಲ್ ಮುಚ್ಚಳ ತಪ್ಪಿಸಲು ಸ್ವಲ್ಪ ಬಲಕ್ಕೆ ಬಂದರು. ಚರ್ ಅಂತ ರಬ್ಬರ್ ಉಜ್ಜಿದ ಸದ್ದು. ಎದುರಿನವರು ಏನೂ ಆಗದ ಹಾಗೆ ಮುಂದೆ ಹೋದರು, ಹಿಂದಿನವರು ದೊಪ್ಪಂತ ಬಿದ್ದರು. ಯಾವಾಗಲೂ ಹೀಗೇ. ಬೀಳುವವರು ಹಿಂದಿನವರು. ಆಗಲೇ ಹೇಳಿದೆನಲ್ಲ, ಸಮತೋಲ ಇರುವುದೇ ಹ್ಯಾಂಡಲ್ ತಿರುಗಿಸುವುದರಲ್ಲಿ. ಮುಂದಿನ ಚಕ್ರ ಇನ್ನೊಂದು ಚಕ್ರಕ್ಕೆ ಒರಗಿ ನಿಂತಮೇಲೆ ತಿರುಗಿಸುವುದು ಎಲ್ಲಿ? ಅವರಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ವೇಗ ಇರಲಿಲ್ಲ, ಹೆಲ್ಮೆಟ್ ಇತ್ತು.

ಎದುರಿನವರ ಚಕ್ರದ ಪಕ್ಕಕ್ಕೆ ನಿಮ್ಮ ಚಕ್ರ ಹೋಗದಿರಲಿ. ಹೋದರೆ ಪೂರ್ತಿ ಪಕ್ಕಕ್ಕೆ ಹೋಗಿ ಅವರ ಕಣ್ಣಿಗೆ ಬೀಳಿ, ಇಲ್ಲವೇ ಹಿಂದೆ ಉಳಿಯಿರಿ. ನಡುವೆ ಒಂದು ಸೈಕಲ್‌ನಷ್ಟು ಜಾಗ ಇದ್ದರೆ ಸಾಕು. ಅದಕ್ಕಿಂತ ಜಾಸ್ತಿ ಬಿಟ್ಟರೆ ಕಾರು ನುಗ್ಗುತ್ತದೆ. ಗುಂಡಿ ಕಂಡರೆ ಬೆರಳು ತೋರಿಸಿ, ಜೊತೆಗೆ ಕೂಗಿ. ನೀವು ಕೂಗಿದ್ದನ್ನು ಹಿಂದಿನವರು ಮತ್ತೆ ಕೂಗಬೇಕು, ಅದೇ ರೂಢಿ. ಟ್ರಾಮ್ ಹಳಿ ಇದ್ದರೆ ಆದಷ್ಟು ಅಡ್ಡಕ್ಕೆ ದಾಟಬೇಕು. ಹಳಿಯ ಸಂದಿಗೆ ಟೈರ್ ಸಿಕ್ಕಿದರೆ ಮುಗೀತು. ಗುಂಪಿನಲ್ಲಿ ತಿರುಗಲು ಜಾಗ ಇಲ್ಲದಿದ್ದರೆ ಇಳಿದು ತಳ್ಳಿ, ಅದರಲ್ಲಿ ನಾಚಿಕೆ ಏನಿದೆ?

ಸಿಗ್ನಲ್ ಬಗ್ಗೆ ಜನ ತುಂಬಾ ವಾದ ಮಾಡುತ್ತಾರೆ. ಗುಂಪಿನ ಅರ್ಧ ಹಸಿರಿನಲ್ಲಿ ದಾಟಿತು, ಕೆಂಪು ಬಂತು, ಈಗ ಉಳಿದವರು ಏನು ಮಾಡಬೇಕು? ಜರ್ಮನಿಯಲ್ಲಿ 15ಕ್ಕಿಂತ ಹೆಚ್ಚು ಸೈಕಲ್‌ಗಳಿದ್ದರೆ ಅದನ್ನು ಒಂದೇ ಗುಂಪು ಅಂತ ಲೆಕ್ಕ ಹಾಕಬಹುದು, ಇಬ್ಬಿಬ್ಬರು ಜೊತೆಯಾಗಿ ಹೋಗಬಹುದು, ಮೊದಲಿನವರು ಹಸಿರಿನಲ್ಲಿ ದಾಟಿದ್ದರೆ ಉಳಿದವರೂ ದಾಟಬಹುದು. ಅದು ಅಲ್ಲಿನ ನಿಯಮ. ಬೇರೆ ಕಡೆ ಹಾಗೇ ಇರಬೇಕೆಂದಿಲ್ಲ. ನೀವು ಹೋಗುವ ಕಡೆ ನಿಯಮ ಏನು, ಪೊಲೀಸರಿಗೆ ತಿಳಿಸಿದ್ದಾರಾ ಅಂತ ಮೊದಲೇ ಕೇಳಿ. ಗುಂಪಲ್ಲಿದ್ದೆ ಅಂದ ಮಾತ್ರಕ್ಕೆ ದಂಡ ತಪ್ಪುವುದಿಲ್ಲ.

ಅಡ್ಡರಸ್ತೆಯ ಬಾಯಿಯಲ್ಲಿ ಒಬ್ಬಿಬ್ಬರು ಸೈಕಲ್ ಅಡ್ಡ ಇಟ್ಟು ಕಾರುಗಳನ್ನು ತಡೆದು ನಿಲ್ಲುವುದನ್ನು ಕಾರ್ಕಿಂಗ್ ಅನ್ನುತ್ತಾರೆ. ನೋಡೋಕೆ ಹೀರೋ ಕೆಲಸ. ಹೊಸಬರು ಅದಕ್ಕೆ ಕೈ ಹಾಕಬೇಡಿ. ಮಾರ್ಷಲ್‌ಗಳು ನಿಂತಿದ್ದಲ್ಲೂ ಒಬ್ಬ ಡ್ರೈವರ್ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಮಾರ್ಷಲ್ ನಗುತ್ತಾ "ಇನ್ನು ಮೂರು ನಿಮಿಷ ಸಾರ್" ಅಂದರು. ಇಂಜಿನ್ ಆಫ್ ಆಯಿತು. ಜಗಳಕ್ಕೆ ನಿಂತಿದ್ದರೆ ಆ ಮೂರು ನಿಮಿಷ ಅಲ್ಲೇ ಹಾಳಾಗುತ್ತಿತ್ತು. ಹಿಂದಿನಿಂದ ಆಂಬ್ಯುಲೆನ್ಸ್ ಸದ್ದು ಕೇಳಿದರೆ ಎಲ್ಲರೂ ಒಂದೇ ಬದಿಗೆ ಸರಿದು ನಿಲ್ಲಬೇಕು. ಯಾವ ಬದಿ ಅಂತ ಮುಂಚೆಯೇ ಮಾತಾಗಿರಬೇಕು. ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ಅಂದರೆ ನಡುವೆ ಸಿಕ್ಕಿಕೊಂಡವರು ಪರದಾಡುತ್ತಾರೆ.

ಇಷ್ಟೆಲ್ಲ ಹೇಳಿ ಹೆದರಿಸಿದೆನಾ? ಒಂದು ಅಂಡರ್‌ಪಾಸ್ ಒಳಗೆ ಹೋದಾಗ ಯಾರೋ ಬೆಲ್ ಹೊಡೆದರು. ಎಲ್ಲರೂ ಶುರು ಮಾಡಿದರು. ಗೋಡೆಗೆ ಬಡಿದು ಬರುವ ಆ ಟ್ರಿಣ್ ಟ್ರಿಣ್‌ನಲ್ಲಿ ಪಕ್ಕದವರ ಮಾತೇ ಕೇಳುತ್ತಿರಲಿಲ್ಲ. ದಿನಾ ಅಂಚಿನಲ್ಲಿ ಹೆದರುತ್ತಾ ಹೋಗುವ ರಸ್ತೆಯ ನಟ್ಟನಡುವೆ ಹೋಗುವ ಖುಷಿಯೇ ಬೇರೆ. ಬುಡಾಪೆಸ್ಟಿನ ದೊಡ್ಡ ರೈಡ್‌ಗಳಲ್ಲಿ ಕೊನೆಗೆ ಎಲ್ಲರೂ ಸೈಕಲ್ಲನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಾರೆ. ನಮ್ಮಲ್ಲೂ ಕೆಲವರು ಎತ್ತಿದರು. ನೀವೂ ಎತ್ತುವುದಾದರೆ ಮೊದಲು ನೀರಿನ ಬಾಟಲಿ ತೆಗೆದಿಡಿ, ಪಕ್ಕದವರ ತಲೆ ಎಲ್ಲಿದೆ ನೋಡಿಕೊಳ್ಳಿ.

ವಾಪಸ್ಸಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮುಗಿಯುವ ಜಾಗ ಶುರುವಾದ ಜಾಗವೇ ಆಗಿರಬೇಕೆಂದಿಲ್ಲ. ಸೈಕಲ್ಲನ್ನು ರೈಲಿನಲ್ಲಿ ಒಯ್ಯುವ ಯೋಚನೆ ಇದ್ದರೆ ಯಾವ ಹೊತ್ತಿನಲ್ಲಿ ಬಿಡುತ್ತಾರೆ ಅಂತ ನೋಡಿಕೊಂಡಿರಿ. ದೀಪದಲ್ಲಿ ಬ್ಯಾಟರಿ ಉಳಿದಿರಬೇಕು. ಎರಡು ಗಂಟೆ ರಸ್ತೆಯ ನಡುವೆ ರಾಜನ ಹಾಗೆ ಹೋಗಿ ಕೈಕಾಲಿಗೆ ಅದೇ ಅಭ್ಯಾಸ ಆಗಿರುತ್ತದೆ. ಈಗ ನೀವು ಒಬ್ಬರೇ, ಸಿಗ್ನಲ್ಲೂ ನೀವೇ ನೋಡಿಕೊಳ್ಳಬೇಕು, ಕನ್ನಡಿಯಲ್ಲಿ ನಿಮ್ಮನ್ನು ನೋಡದ ಡ್ರೈವರೂ ನಿಮ್ಮ ಪಾಲಿಗೇ. ನಿಮ್ಮ ದಿಕ್ಕಿಗೆ ಹೋಗುವವರು ಯಾರಿದ್ದಾರೆ ಅಂತ ಕೊನೆಯ ನಿಲುಗಡೆಯಲ್ಲೇ ಕೇಳಿಟ್ಟುಕೊಳ್ಳಿ. ರೈಡ್ ಮುಗಿದ ಮೇಲೆ ಕೇಳೋಣ ಅಂದರೆ ಐದು ನಿಮಿಷದಲ್ಲಿ ಎಲ್ಲರೂ ಚದುರಿ ಹೋಗಿರುತ್ತಾರೆ.